ಹಂಚಲಾಗದ ಪುಣ್ಯ: ತಿಮ್ಮಕ್ಕ–ಚಿಕ್ಕಯ್ಯ ದಂಪತಿಯ ಸಾಲುಮರಗಳು

ಗಂಡ ಹೆಂಡತಿ ಕೂಡಿ ಮಾಡಿದ ಸತ್ಕಾರ್ಯದ ಫಲ ಯಾರಿಗೆ ಸೇರಬೇಕು ಎಂಬ ಪ್ರಶ್ನೆಯನ್ನು ನಮ್ಮ ಧರ್ಮಚಿಂತಕರು ಬಹಳ ಹಿಂದೆಯೇ ಎತ್ತಿಕೊಂಡಿದ್ದರು. ಪಾಣಿಗ್ರಹಣವಾದ ಗಳಿಗೆಯಿಂದ ದಂಪತಿಗಳ ನಡುವೆ ವಿಭಾಗವೆಂಬುದಿಲ್ಲ, ಕರ್ಮಗಳಲ್ಲಿ ಅವರು ಹೇಗೆ ಜೊತೆಯೋ ಪುಣ್ಯಫಲದಲ್ಲಿಯೂ ಹಾಗೆಯೇ ಜೊತೆ ಎಂಬುದು ಆಪಸ್ತಂಬ ಧರ್ಮಸೂತ್ರದ ನಿಲುವು. ವೇದೋಕ್ತ ಕರ್ಮಗಳ ಅರ್ಥವನ್ನು ತರ್ಕದಿಂದ ನಿರ್ಣಯಿಸುವ ದರ್ಶನವಾದ ಪೂರ್ವಮೀಮಾಂಸೆಯು ಯಜ್ಞ ಮಾಡುವ ಅಧಿಕಾರ ಹೆಂಡತಿಗೂ ಉಂಟೇ ಎಂದು ಚರ್ಚಿಸಿ, ಇಬ್ಬರಿಗೂ ಸೇರಿಯೇ ಅಧಿಕಾರವಿದೆ ಎಂಬ ಸಿದ್ಧಾಂತಕ್ಕೆ ಬಂದಿತು. ಇದನ್ನೇ ಸಹಾಧಿಕಾರವೆಂದು ಕರೆಯುತ್ತಾರೆ. ಫಲದಲ್ಲಿ ಹೀಗೆ ಅವಳನ್ನು ಜೊತೆಗಿರಿಸಿದ ಶಾಸ್ತ್ರವು ಮಂತ್ರ ಮತ್ತು ಕ್ರಿಯೆಗಳಲ್ಲಿ ಮಾತ್ರ ಅವಳನ್ನು ಹಿಂದೆ ಕೂರಿಸಿತೆಂಬುದನ್ನು ಮರೆಯುವಂತಿಲ್ಲ. ಆದರೂ ಪುಣ್ಯವನ್ನು ಆಸ್ತಿಯಂತೆ ಪಾಲು ಮಾಡಲಾಗದು ಎಂಬ ಆ ತೀರ್ಮಾನ ಗಟ್ಟಿಯಾದದ್ದು. ಪುಣ್ಯ ಅವಿಭಕ್ತವಾಗಿರುವಾಗ ಸ್ಮರಣೆ ಮಾತ್ರ ಏಕೆ ಒಬ್ಬರ ಪಾಲಾಗುತ್ತದೆ ಎಂಬ ಮುಂದಿನ ಪ್ರಶ್ನೆಗೆ ಶಾಸ್ತ್ರಗ್ರಂಥಗಳಿಗಿಂತ ಮಾಗಡಿ ತಾಲ್ಲೂಕಿನ ಒಂದು ರಸ್ತೆ ಹೆಚ್ಚು ಸ್ಪಷ್ಟವಾದ ಉದಾಹರಣೆಯನ್ನು ಒದಗಿಸುತ್ತದೆ.

2025ರ ನವೆಂಬರ್ 14ರಂದು ಬೆಂಗಳೂರಿನ ಜಯನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸಾಲುಮರದ ತಿಮ್ಮಕ್ಕ ತೀರಿಕೊಂಡಾಗ ಅವರಿಗೆ 114 ವರ್ಷ ವಯಸ್ಸೆಂದು ಪತ್ರಿಕೆಗಳು ಬರೆದವು. ತುಮಕೂರು ಜಿಲ್ಲೆಯ ಗುಬ್ಬಿ ಸೀಮೆಯಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದೆ, ಕಲ್ಲುಕ್ವಾರಿಯ ಕೂಲಿಯಾಗಿ ದುಡಿದ ಈ ಹೆಣ್ಣುಮಗಳು ಮದುವೆಯಾದದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಚಿಕ್ಕಯ್ಯನವರನ್ನು. ಅವರದೂ ಕೂಲಿಯ ಬದುಕೇ. ಮಕ್ಕಳಾಗದ ಈ ದಂಪತಿ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ಸುಮಾರು ನಾಲ್ಕು ಕಿಲೋಮೀಟರು ದಾರಿಯ ಇಕ್ಕೆಲಗಳಲ್ಲಿ ಮೊದಲ ವರ್ಷ 10, ಎರಡನೆಯ ವರ್ಷ 15, ಮೂರನೆಯ ವರ್ಷ 20 ಆಲದ ಸಸಿಗಳನ್ನು ನೆಟ್ಟರು. ಹೀಗೆ ವರ್ಷವರ್ಷವೂ ಮುಂದುವರಿದ ಕೆಲಸದಿಂದ ಬೆಳೆದ ಮರಗಳ ಸಂಖ್ಯೆ 385 ಎಂಬುದು ಸಾಮಾನ್ಯವಾಗಿ ಪ್ರಚಲಿತವಾಗಿರುವ ಲೆಕ್ಕ. ಮರಗಳು ಜಗತ್ತಿನ ಕಣ್ಣಿಗೆ ಬೀಳುವ ಮೊದಲೇ, 1991ರಲ್ಲಿ, ಚಿಕ್ಕಯ್ಯ ಕಾಲವಾದರು.

ಸಸಿ ನೆಟ್ಟವರನ್ನು ಹೊಗಳುವವರು ಹಲವರು, ಆದರೆ ನೆಟ್ಟ ಮೇಲಿನ ಕೆಲಸವನ್ನು ವಿವರವಾಗಿ ನೋಡುವವರು ಕಡಿಮೆ. ಮಾಗಡಿಯ ಆ ಭಾಗ ಮಳೆಯನ್ನೇ ನಂಬಿದ ಬಯಲುಸೀಮೆ. ಆದ್ದರಿಂದ ಸಸಿಗಳನ್ನು ಮಳೆಗಾಲದಲ್ಲಿ ನೆಟ್ಟು, ಮಳೆ ನಿಂತ ಮೇಲೆ ಅವು ಮುಂದಿನ ಮಳೆಯವರೆಗೆ ಬದುಕಿ ಉಳಿಯುವಂತೆ ಬಿಂದಿಗೆಗಳಲ್ಲಿ ನೀರು ಹೊತ್ತು ತಂದು ಹಾಕಬೇಕಿತ್ತು, ದನಕರು ಮೇಯದಂತೆ ಪ್ರತಿ ಸಸಿಗೂ ಮುಳ್ಳಿನ ಬೇಲಿ ಕಟ್ಟಬೇಕಿತ್ತು. ದಿನಗೂಲಿಯಿಂದ ಹೊಟ್ಟೆ ಹೊರೆಯುವವರ ಪಾಲಿಗೆ ಇದು ಬಿಡುವಿನ ಹವ್ಯಾಸವಾಗಿರಲು ಸಾಧ್ಯವಿಲ್ಲ. ಕೂಲಿಯ ದುಡಿಮೆಯ ಮೇಲೆ ಮತ್ತೊಂದು ದುಡಿಮೆಯನ್ನು, ಸಂಬಳವೂ ಯಜಮಾನನೂ ಇಲ್ಲದ ದುಡಿಮೆಯನ್ನು, ಅವರು ತಾವಾಗಿ ಹೊತ್ತುಕೊಂಡರು. ಒಬ್ಬರು ಬೇಸರಗೊಂಡಿದ್ದರೆ ಇನ್ನೊಬ್ಬರಿಂದ ಈ ಕೆಲಸ ಬಹುಕಾಲ ಸಾಗುತ್ತಿರಲಿಲ್ಲವೆಂಬುದು ನೀರು ಹೊತ್ತವರಿಗೆಲ್ಲ ತಿಳಿದ ಸಂಗತಿ.

ಈ ಕೆಲಸಕ್ಕೆ ಎಲ್ಲರೂ ಕೊಡುವ ಕಾರಣವೊಂದಿದೆ: ಮಕ್ಕಳಿಲ್ಲದ ಕೊರಗನ್ನು ನೀಗಿಕೊಳ್ಳಲು ಅವರು ಮರಗಳನ್ನೇ ಮಕ್ಕಳೆಂದು ಸಾಕಿದರು. ತಿಮ್ಮಕ್ಕನವರೇ ಹಾಗೆ ಹೇಳುತ್ತಿದ್ದುದರಿಂದ ಅದನ್ನು ಸುಳ್ಳೆನ್ನುವಂತಿಲ್ಲ, ಮತ್ತು ಈ ಭಾವನೆಗೆ ಪರಂಪರೆಯ ಆಧಾರವೂ ದೊಡ್ಡದಾಗಿಯೇ ಇದೆ. ಬ್ರಾಹ್ಮಣ ಹುಟ್ಟುವಾಗಲೇ ಋಷಿ, ದೇವತೆ, ಪಿತೃಗಳಿಗೆ ಋಣಿಯಾಗಿ ಹುಟ್ಟುತ್ತಾನೆಂದೂ ವೇದಾಧ್ಯಯನ, ಯಜ್ಞ, ಸಂತಾನಗಳಿಂದ ಆ ಮೂರನ್ನು ತೀರಿಸಬೇಕೆಂದೂ ತೈತ್ತಿರೀಯ ಸಂಹಿತೆ ಹೇಳುತ್ತದೆ. ಹಾಗಾಗಿ ಮಕ್ಕಳಿಲ್ಲದ ದಂಪತಿಯ ಸಂಕಟ ವೈಯಕ್ತಿಕ ದುಃಖವಾಗಿ ಉಳಿಯದೆ ತೀರದ ಸಾಲದ ಭಯವೂ ಆಯಿತು. ಊರೂರಿನ ಅಶ್ವತ್ಥಕಟ್ಟೆಗಳಿಗೆ ಸಂತಾನಾಪೇಕ್ಷೆಯಿಂದ ಪ್ರದಕ್ಷಿಣೆ ಹಾಕುವ ಹೆಂಗಸರು, ಅಲ್ಲಿ ಪ್ರತಿಷ್ಠೆಗೊಂಡ ನಾಗರಕಲ್ಲುಗಳು ಆ ಭಯದ ಮೂರ್ತ ರೂಪಗಳು. ಇಟ್ಟಮಡು, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳಂತೆ ಹಳ್ಳಿಯ ಹೆಸರನ್ನು ಮಾತ್ರ ಉಳಿಸಿಕೊಂಡು ನಗರವಾಗಿ ಹೋದ ದಕ್ಷಿಣ ಬೆಂಗಳೂರಿನ ನೆಲದಲ್ಲಿಯೂ ಈ ನಂಬಿಕೆ ಅಳಿದಿಲ್ಲ. ಅಲ್ಲಿ ಮರವು ವರ ಕೊಡುವ ದೇವತೆ, ಅದನ್ನು ಸುತ್ತುವ ದಂಪತಿ ಬೇಡುವವರು.

ಹುಲಿಕಲ್ಲಿನ ದಂಪತಿ ಈ ಸಂಬಂಧವನ್ನು ತಿರುಗಿಸಿಬಿಟ್ಟರು. ಮರದಿಂದ ಮಗುವನ್ನು ಬೇಡದೆ ಮರವನ್ನೇ ಮಗುವಾಗಿ ಬರಮಾಡಿಕೊಂಡರು. ಈ ತಿರುವು ಪುರಾಣಕ್ಕೂ ಅಪರಿಚಿತವಲ್ಲ. ಮತ್ಸ್ಯಪುರಾಣದಲ್ಲಿ ಪಾರ್ವತಿ ಅಶೋಕದ ಸಸಿಯೊಂದನ್ನು ಮಗನೆಂದು ಸಾಕುವ ಪ್ರಸಂಗವಿದೆ. ಇದರಿಂದ ಏನು ಫಲವೆಂದು ಕೇಳಿದವರಿಗೆ ಅವಳು ಬಾವಿ, ಕೊಳ, ಕೆರೆಗಳನ್ನು ಒಂದಕ್ಕಿಂತ ಒಂದನ್ನು ಹತ್ತು ಪಟ್ಟು ಮೇಲಿರಿಸುತ್ತ ಹೋಗಿ, ಅವುಗಳ ಮೇಲೆ ಮಗನನ್ನೂ, ಹತ್ತು ಮಕ್ಕಳಿಗೆ ಸಮನಾಗಿ ಒಂದು ಮರವನ್ನೂ ನಿಲ್ಲಿಸುತ್ತಾಳೆ. ಕಾಳಿದಾಸನ ರಘುವಂಶದ ಎರಡನೆಯ ಸರ್ಗ ಇನ್ನೂ ಹತ್ತಿರದ ಸಾಕ್ಷಿ. ಮಕ್ಕಳಿಲ್ಲದ ದಿಲೀಪ ಮಹಾರಾಜ, ರಾಣಿ ಸುದಕ್ಷಿಣೆಯೊಡನೆ ವಸಿಷ್ಠರ ಆಶ್ರಮದಲ್ಲಿದ್ದು ನಂದಿನಿ ಎಂಬ ಹಸುವಿನ ಸೇವೆ ಮಾಡುತ್ತಾನೆ. ಹಿಮಾಲಯದ ಗುಹೆಯಲ್ಲಿ ಆ ಹಸುವನ್ನು ಹಿಡಿದ ಸಿಂಹವು ಎದುರಿನ ದೇವದಾರು ವೃಕ್ಷವನ್ನು ತೋರಿಸಿ, ಅದು ಶಿವನೇ ಮಗನೆಂದು ಸ್ವೀಕರಿಸಿದ ಮರವೆಂದೂ, ಕಾಡಾನೆ ಮೈಯುಜ್ಜಿ ಅದರ ತೊಗಟೆ ಕಿತ್ತಾಗ ಪಾರ್ವತಿ ಕುಮಾರಸ್ವಾಮಿಗೇ ಗಾಯವಾದಂತೆ ಮರುಗಿದಳೆಂದೂ ಹೇಳುತ್ತದೆ. ಸೇವೆ ಮಾಡಿ ಮಗನನ್ನು ಪಡೆಯಬೇಕೆಂದಿದ್ದ ದಂಪತಿಯ ಕಥೆಯ ನಡುವೆಯೇ ಮರವನ್ನು ಮಗನಾಗಿಸಿಕೊಂಡ ದೇವದಂಪತಿಯ ಕಥೆಯನ್ನು ಕವಿ ಇಟ್ಟದ್ದು ಆಕಸ್ಮಿಕವಿರಲಾರದು. ದಿಲೀಪನ ಸೇವೆಗೆ ಕೊನೆಗೆ ರಘು ಎಂಬ ಮಗನೇ ಫಲವಾಗಿ ದೊರೆತ. ತಿಮ್ಮಕ್ಕ ಚಿಕ್ಕಯ್ಯರ ಸೇವೆಯ ಆಚೆಗೆ ಅಂಥ ವರವೊಂದು ಕಾದು ಕುಳಿತಿರಲಿಲ್ಲ.

ಇಷ್ಟಾದರೂ ಕೊರಗಿನ ಪರಿಹಾರವೆಂಬ ವಿವರಣೆ ಈ ಕೆಲಸದ ಅರ್ಧವನ್ನು ಮಾತ್ರ ಹೇಳುತ್ತದೆ. ಸಮಾಧಾನವೊಂದೇ ಬೇಕಾಗಿದ್ದರೆ ಮನೆಯ ಹಿತ್ತಲಲ್ಲಿ ಒಂದು ತೆಂಗನ್ನೋ ಮಾವನ್ನೋ ಬೆಳೆಸಿದ್ದರೆ ಸಾಕಿತ್ತು. ಅದು ಕಣ್ಣೆದುರಿಗೆ ಇರುತ್ತಿತ್ತು, ಫಸಲನ್ನೂ ಕೊಡುತ್ತಿತ್ತು. ಅವರು ಆರಿಸಿಕೊಂಡದ್ದು ಸಾರ್ವಜನಿಕ ರಸ್ತೆಯ ಅಂಚನ್ನು, ಅದೂ ಆಲದ ಮರವನ್ನು. ಆಲದ ಹಣ್ಣು ಸಂತೆಯಲ್ಲಿ ಮಾರುವ ಸರಕಲ್ಲ, ಅದು ಹಕ್ಕಿ ಬಾವಲಿಗಳ ಊಟ; ಆಲದ ನೆರಳು ದಾರಿಹೋಕರದು, ದನ ಕಾಯುವವರದು. ನೆಟ್ಟವರಿಗೆ ಮರದ ಮೇಲೆ ಕಾನೂನಿನ ಹಕ್ಕೂ ಇಲ್ಲ, ಇಂದು ಅವುಗಳ ಪಾಲನೆ ಸರ್ಕಾರದ ಹೊಣೆ. ಹೆತ್ತ ಮಗುವನ್ನು ‘ನಮ್ಮದು’ ಎನ್ನಬಹುದು, ರಸ್ತೆ ಬದಿಯ ಆಲವನ್ನು ಹಾಗೆನ್ನುವಂತಿಲ್ಲ. ಆದ್ದರಿಂದ ಇಲ್ಲಿ ಪಿತೃಋಣಕ್ಕೆ ಬದಲಿ ವ್ಯವಸ್ಥೆ ನಡೆಯಿತೆನ್ನುವುದಕ್ಕಿಂತ, ಶತಪಥ ಬ್ರಾಹ್ಮಣವು ಆ ಮೂರರ ಜೊತೆಗೆ ನಾಲ್ಕನೆಯದಾಗಿ ಸೇರಿಸುವ ಮನುಷ್ಯಋಣ, ಅಂದರೆ ಸಹಜೀವಿಗಳಾದ ಜನರಿಗೆ ಸಲ್ಲಬೇಕಾದ ಬಾಕಿ, ಉಳಿದವುಗಳಿಗಿಂತ ದೊಡ್ಡದಾಗಿ ಬೆಳೆಯಿತೆನ್ನುವುದು ಸರಿಯಾದೀತು. ದುಃಖದಿಂದ ಹುಟ್ಟಿದ ಸೇವೆ ನಿಷ್ಕಾಮವಾಗಬಲ್ಲುದೇ ಎಂದು ಸಂಶಯಿಸುವವರಿಗೆ ಉತ್ತರವೂ ಇಲ್ಲಿಯೇ ಇದೆ: ಕರ್ಮ ಎಲ್ಲಿಂದ ಹೊರಟಿತೆಂಬುದಕ್ಕಿಂತ ಅದರ ಫಲವನ್ನು ಕರ್ತೃ ಎಲ್ಲಿ ಬಿಟ್ಟನೆಂಬುದರಿಂದ ಅದರ ನಿಷ್ಕಾಮತೆಯನ್ನು ಅಳೆಯಬೇಕು.

ಯಾಗಾದಿಗಳನ್ನು ಇಷ್ಟವೆಂದೂ, ಕೆರೆ ಬಾವಿ ತೋಪು ಸಾಲುಮರಗಳಂಥ ಲೋಕೋಪಯೋಗಿ ನಿರ್ಮಾಣಗಳನ್ನು ಪೂರ್ತವೆಂದೂ ಧರ್ಮಶಾಸ್ತ್ರಗಳು ವಿಂಗಡಿಸುತ್ತವೆ. ಪೂರ್ತಧರ್ಮದ ಇತಿಹಾಸವೆಲ್ಲ ಬಹುಪಾಲು ಉಳ್ಳವರ ಇತಿಹಾಸ. ದೆಹಲಿ–ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ಅಶೋಕ ಚಕ್ರವರ್ತಿ, ಜನರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದ್ದನ್ನು ಹೇಳಿಕೊಂಡಿದ್ದಾನೆ. ಕನ್ನಡ ನಾಡಿನ ಶಾಸನಗಳಲ್ಲಿಯೂ ಕೆರೆ ಕಟ್ಟಿಸಿದ ಅರಸರು, ನಾಡಗೌಡರು, ದಂಡನಾಯಕರು ಸಾಲುಸಾಲಾಗಿ ಸಿಗುತ್ತಾರೆ. ಅವರೆಲ್ಲ ಕಟ್ಟಿಸಿದವರು, ನೆಡಿಸಿದವರು. ತಮ್ಮ ಕೈಯಿಂದಲೇ ನೆಟ್ಟು ತಮ್ಮ ತಲೆಯ ಮೇಲೆಯೇ ನೀರು ಹೊತ್ತ ಇಬ್ಬರು ಕೂಲಿಗಳಿಗೆ ಹೋಲಿಕೆ ಹುಡುಕಬೇಕಾದರೆ ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ, ಶರಣರ ಬಳಿಗೆ, ಹೋಗಬೇಕು. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿ, ಎಂದರೆ ಪೂಜೆಯಷ್ಟೇ ಪವಿತ್ರವಾದ ದುಡಿಮೆಯಾಗಿ, ನಡೆಸಿದವನು. ಅವನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದವಳು ಹೆಂಡತಿ ಲಕ್ಕಮ್ಮ. ದಾಸೋಹ, ಅಂದರೆ ಕಾಯಕದ ಗಳಿಕೆಯನ್ನು ಸಮುದಾಯಕ್ಕೆ ಸಲ್ಲಿಸುವ ಆಚರಣೆ, ಆ ಮನೆಯಲ್ಲಿ ಒಬ್ಬರ ವ್ರತವಾಗಿರಲಿಲ್ಲ. ಒಬ್ಬರ ತೂಕ ತಪ್ಪಿದರೆ ಇನ್ನೊಬ್ಬರು ಸರಿಪಡಿಸುವ ಜೋಡಿ ಸಾಧನೆಯಾಗಿತ್ತು. ಶರಣ ಪರಂಪರೆ ಇವರನ್ನು ನೆನೆಯುವಾಗ ಇಬ್ಬರನ್ನೂ ಹೆಸರಿಸುತ್ತದೆ, ಇಬ್ಬರ ವಚನಗಳನ್ನೂ ಕಾಪಾಡಿಕೊಂಡಿದೆ.

ನಮ್ಮ ಕಾಲದ ಸ್ಮರಣೆ ಅಷ್ಟು ಉದಾರವಾಗಿಲ್ಲ. ತಿಮ್ಮಕ್ಕನವರಿಗೆ ರಾಷ್ಟ್ರೀಯ ಪೌರ ಪ್ರಶಸ್ತಿ, ವೃಕ್ಷಮಿತ್ರ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2019ರಲ್ಲಿ ಪದ್ಮಶ್ರೀ, ಮರುವರ್ಷ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದವು. ರಾಜ್ಯದ ವೃಕ್ಷೋದ್ಯಾನಗಳಿಗೆ ಅವರ ಹೆಸರಿದೆ. ರಾಷ್ಟ್ರಪತಿ ಭವನದಲ್ಲಿ ಅವರು ರಾಮನಾಥ ಕೋವಿಂದರ ತಲೆ ಮುಟ್ಟಿ ಹರಸಿದ್ದನ್ನು ದೇಶವೇ ನೋಡಿತು. ಇವೆಲ್ಲ ನ್ಯಾಯವಾಗಿ ಸಂದ ಗೌರವಗಳು, ಒಂದನ್ನೂ ಕಡಿಮೆ ಮಾಡಬೇಕಾಗಿಲ್ಲ. ಗಂಡ ಹೆಂಡತಿ ಕೂಡಿ ಮಾಡಿದ ಕೆಲಸದಲ್ಲಿ ಹೆಂಡತಿಯ ಹೆಸರು ಅಳಿಸಿಹೋಗುವುದೇ ಲೋಕದ ರೂಢಿಯಾಗಿರುವಾಗ, ಒಮ್ಮೆಯಾದರೂ ಅದು ತಿರುಗುಮುರುಗಾದದ್ದು ಸಂತೋಷದ ಸಂಗತಿಯೇ. ಚಿಕ್ಕಯ್ಯನವರನ್ನು ನೆನೆಯುವ ನೆಪದಲ್ಲಿ ತಿಮ್ಮಕ್ಕನವರನ್ನು ಮತ್ತೆ ‘ಅವರ ಹೆಂಡತಿ’ಯಾಗಿಸಲು ಯಾರಾದರೂ ಹೊರಟರೆ ಅದು ಹಳೆಯ ಅನ್ಯಾಯದ ಪುನರಾವರ್ತನೆಯಾದೀತು. ಅಲ್ಲದೆ ಪತಿಯ ಮರಣದ ನಂತರದ ಮೂರು ದಶಕಕ್ಕೂ ಮಿಕ್ಕ ಕಾಲ ಮರಗಳ ಪರವಾಗಿ ನಿಂತವರು ಅವರು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣ ಈ ಸಾಲುಮರಗಳ ಬುಡಕ್ಕೆ ಬಂದಾಗ, ಮರಗಳನ್ನು ಉಳಿಸಿಕೊಡಿರೆಂದು ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರನ್ನು ಕೋರಿದವರು ಅವರು. ಸರ್ಕಾರ ಬದಲಿ ಮಾರ್ಗವನ್ನು ಯೋಚಿಸುವಂತಾದದ್ದು ಆ ಕೋರಿಕೆಯಿಂದಲೇ.

ಆದರೂ ಚಿಕ್ಕಯ್ಯನವರ ಹೆಸರು ಹಿಂದುಳಿದುದಕ್ಕೆ ಕಾರಣ ಅವರ ಕೆಲಸ ಚಿಕ್ಕದೆಂಬುದಲ್ಲ, ಕ್ಯಾಮೆರಾಗಳು ಹುಲಿಕಲ್ಲಿಗೆ ಬರುವ ಹೊತ್ತಿಗೆ ಅವರು ಬದುಕಿರಲಿಲ್ಲವೆಂಬುದಷ್ಟೇ. ಪ್ರಶಸ್ತಿಯೆಂಬುದು ಬದುಕಿರುವ ಒಬ್ಬ ವ್ಯಕ್ತಿಯ ಕೊರಳನ್ನು ಹುಡುಕುವ ಹಾರ. ಅದಕ್ಕೆ ದಂಪತಿಯೆಂಬ ಘಟಕ ಕಾಣಿಸುವುದಿಲ್ಲ. ಫಲತ್ಯಾಗವನ್ನು ಬೋಧಿಸುವ ದರ್ಶನಗಳ ಪ್ರಕಾರ ಕರ್ತೃವಿಗೆ ಹೆಸರು ಬೇಕಾಗಿಲ್ಲ, ಆದ್ದರಿಂದ ಈ ಮರೆವಿನಿಂದ ಚಿಕ್ಕಯ್ಯನವರಿಗೆ ನಷ್ಟವಿಲ್ಲವೆಂದು ವಾದಿಸಬಹುದು. ವಾದ ಅವರ ಮಟ್ಟಿಗೆ ಸರಿ, ನೆನೆಯುವವರ ಮಟ್ಟಿಗೆ ಸರಿಯಲ್ಲ. ನೆನಪು ಸತ್ತವರಿಗೆ ಕೊಡುವ ಕೂಲಿಯಾಗಿರದೆ ಉಪಕಾರ ಪಡೆದವರು ಸಲ್ಲಿಸಬೇಕಾದ ಲೆಕ್ಕವಾಗಿದೆ, ಮತ್ತು ಲೆಕ್ಕದಲ್ಲಿ ಒಂದು ಹೆಸರು ಬಿಟ್ಟುಹೋದರೆ ತಪ್ಪುವುದು ಲೆಕ್ಕ ಬರೆದವರ ಧರ್ಮ. ದಾಂಪತ್ಯವೆಂದರೆ ಮನೆಯ ನಾಲ್ಕು ಗೋಡೆಗಳೊಳಗಿನ ಸುಖದುಃಖವೆಂದೇ ಭಾವಿಸುವ ಕಾಲದಲ್ಲಿ, ಇಬ್ಬರು ಕೂಡಿದರೆ ಆ ಕೂಡುವಿಕೆಯಿಂದಲೇ ಮೂರನೆಯವರಿಗೆ ನೆರಳಾಗಬಹುದೆಂಬ ಸಂಗತಿ ಒಂಟಿ ಹೆಸರಿನ ಕಥೆಯಲ್ಲಿ ಕಾಣೆಯಾಗುತ್ತದೆ.

ತಿಮ್ಮಕ್ಕನವರು ಕಣ್ಮುಚ್ಚಿದ ಜಯನಗರದಿಂದ ಇಟ್ಟಮಡು ದೂರವೇನಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳ, ಕಾಲುದಾರಿಯೇ ಕಿರಿದಾದ ಇಂಥ ಬಡಾವಣೆಗಳಲ್ಲಿ ಆಲ ನೆಡುವುದಕ್ಕೆ ಜಾಗವಿಲ್ಲ. ಉಳಿದ ಜಾಗವೆಂದರೆ ಕೆರೆಯಂಗಳ, ಆಟದ ಮೈದಾನ, ಪಾಲಿಕೆಯ ಉದ್ಯಾನಗಳು ಮಾತ್ರ. ಅಲ್ಲಿ ಇನ್ನು ಮುಂದೆ ಸಾಲುಮರದ ಹೆಸರಿನಲ್ಲಿ ಏನನ್ನೇ ಮಾಡಲಿ, ಉದ್ಯಾನವಿರಲಿ, ಸಸಿ ನೆಡುವ ಕಾರ್ಯಕ್ರಮವಿರಲಿ, ಶಾಲೆಯ ಪಾಠವಿರಲಿ, ಅದರಲ್ಲಿ ತಿಮ್ಮಕ್ಕ ಮತ್ತು ಚಿಕ್ಕಯ್ಯ ಎಂಬ ಎರಡೂ ಹೆಸರುಗಳನ್ನು ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರಗಳಲ್ಲಿ ಬರೆಯಬೇಕು.