ಲೆಕ್ಕಕ್ಕೆ ಬಾರದವರು

ಕೊಲೆಗಾರನೊಬ್ಬನ ಕೆಲಸ ಕೈಗೂಡಲಿ ಎಂದು ನಮ್ಮಂಥ ಸಂಸಾರಸ್ಥರು ಹಾರೈಸುವುದುಂಟೇ? ಮಿತ್ರರೊಬ್ಬರೊಡನೆ ಮನೆಯಲ್ಲಿ ಕುಳಿತು ‘ದಿ ಡೇ ಆಫ್ ದಿ ಜಾಕಲ್’ ಚಿತ್ರ ನೋಡಿದಾಗ ನಾವಿಬ್ಬರೂ ಮಾಡಿದ್ದು ಅದನ್ನೇ. ಫೋರ್ಸೈತ್ ಅವರ 1971ರ ಕಾದಂಬರಿಯನ್ನು ಆಧರಿಸಿ ಫ್ರೆಡ್ ಜಿನೆಮನ್ 1973ರಲ್ಲಿ ತೆಗೆದ ಚಿತ್ರವಿದು. ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರನ್ನು ಕೊಲ್ಲಲು ಹಣಕ್ಕೆ ಒಪ್ಪಿಕೊಂಡ ಒಬ್ಬನ ಕಥೆ. ಎಂದೋ ಸತ್ತ ಮಗುವಿನ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆಯುತ್ತಾನೆ. ಊರುಗೋಲಿನೊಳಗೆ ಅಡಗುವಂಥ ಬಂದೂಕು ಮಾಡಿಸುತ್ತಾನೆ. ಮರಕ್ಕೆ ಕಲ್ಲಂಗಡಿ ತೂಗುಹಾಕಿ, ಒಂದೊಂದೇ ಗುಂಡು ಹಾರಿಸುತ್ತ ಗುರಿ ತಿದ್ದಿಕೊಳ್ಳುತ್ತಾನೆ. ಕೊನೆಗೆ ಹಣ್ಣು ಸಿಡಿದು ಚೂರಾದಾಗ ಮಿತ್ರರು “ಭೇಷ್!” ಎಂದರು. ನಾನೂ ತಲೆದೂಗಿದೆ.

ಇದು ಸರಿಯೇ ಎಂದು ಕೇಳಿದರೆ ಮಿತ್ರರ ಬಳಿ ಉತ್ತರ ಸಿದ್ಧವಾಗಿತ್ತು. ಬ್ಯಾಂಕಿನಲ್ಲಿ ಆಯುಷ್ಯವೆಲ್ಲ ಲೆಕ್ಕ ನೋಡಿದವರು, ವಾದವೂ ಅಚ್ಚುಕಟ್ಟು. “ದ ಗಾಲ್ 1970ರಲ್ಲಿ ತಮ್ಮ ಮನೆಯಲ್ಲೇ ತೀರಿಕೊಂಡರೆಂದು ಎಲ್ಲರಿಗೂ ಗೊತ್ತು. ಆಗದ ಕೊಲೆಗೆ ಪಾಪವೆಲ್ಲಿಯದು? ನಾವು ಮೆಚ್ಚಿದ್ದು ಕಸುಬನ್ನು.” ಇದನ್ನು ಅರ್ಧ ಒಪ್ಪಬೇಕು. ಅವನನ್ನು ಹುಡುಕುವ ಲೆಬೆಲ್ ಎಂಬ ಪೆಚ್ಚುಮೋರೆಯ ಪೊಲೀಸ್ ಅಧಿಕಾರಿಯ ಪರವಾಗಿಯೂ ನಮ್ಮ ಮನಸ್ಸು ಓಡುತ್ತಿತ್ತಲ್ಲ! ಶ್ರಮಪಡುವವನ ಬೆನ್ನಿಗೆ ಮನಸ್ಸು ಹೋಗುವುದು ಸಹಜ. ಅದನ್ನು ಅಪರಾಧವೆನ್ನಲು ನಾನು ಸಿದ್ಧನಿಲ್ಲ.

ನನ್ನ ತಕರಾರು ಬೇರೆ. ಚಿತ್ರ ಮುಗಿದ ಮೇಲೆ, “ಜಾಕಲ್‌ನ ಕೈಯಿಂದ ಸತ್ತವರೆಷ್ಟು?” ಎಂದು ಕೇಳಿದೆ. “ಗುರಿ ತಪ್ಪಿತಲ್ಲ, ಯಾರೂ ಇಲ್ಲ” ಎಂದರು ಲೆಕ್ಕದ ಮನುಷ್ಯ! ಖೋಟಾ ಕಾಗದ ಮಾಡಿಕೊಟ್ಟವನು ಸತ್ತ. ಆಶ್ರಯ ಕೊಟ್ಟ ಶ್ರೀಮಂತ ಹೆಂಗಸು ಸತ್ತಳು. ಪ್ಯಾರಿಸ್ಸಿನಲ್ಲಿ ನಂಬಿ ಮನೆಗೆ ಕರೆದೊಯ್ದವನು ಸತ್ತ. ಕೊನೆಗೆ ಲೆಬೆಲ್‌ನೊಡನೆ ಬಾಗಿಲು ಒಡೆದು ನುಗ್ಗಿದ ಪೊಲೀಸಿನವನೂ ಸತ್ತ. ಇವರೆಲ್ಲ ನಮ್ಮ ಕಣ್ಣೆದುರೇ ಸತ್ತರು. ಆದರೆ ನಮ್ಮ ಕಣ್ಣು ದ ಗಾಲ್ ಅವರ ತಲೆಯ ಮೇಲಿತ್ತು. ಪದಕ ತೊಡಿಸಿ ಮುತ್ತಿಡಲು ಅವರು ಬಾಗಿದ ಆ ಒಂದು ಕ್ಷಣದಲ್ಲಿ ಗುಂಡು ತಪ್ಪಿತೆಂದು ಉಸಿರು ಬಿಟ್ಟೆವು. ಉಳಿದವರು ಲೆಕ್ಕಕ್ಕೇ ಬರಲಿಲ್ಲ.

ಈ ಮರೆವು ಸಿನಿಮಾದ್ದು ಮಾತ್ರವೇ? ಬೆಂಗಳೂರಿಗೆ ಹೋಗಿಬರುವ ನಾವೆಲ್ಲ ಶ್ರೀಪೆರಂಬುದೂರನ್ನು ದಾಟುತ್ತೇವೆ. ಚೆನ್ನೈಯಿಂದ ಸುಮಾರು 40 ಕಿಲೋಮೀಟರ್. 1991ರ ಮೇ 21ರ ರಾತ್ರಿ ಅಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಸಂಚಿನ ರೂವಾರಿ ಶಿವರಾಸನ್ ಅಡಗಲು ಹೋದದ್ದು ನಮ್ಮ ಬೆಂಗಳೂರಿಗೇ. ಆಗಸ್ಟ್ 20ರಂದು ಕೋಣನಕುಂಟೆಯ ಮನೆಯೊಂದರಲ್ಲಿ ಅವನೂ ಸಂಗಡಿಗರೂ ಸೇರಿ ಏಳು ಮಂದಿ ಸತ್ತುಬಿದ್ದಿದ್ದರು. ಆ ಕೊನೆಯ ದಿನಗಳನ್ನೇ ಎ.ಎಂ.ಆರ್. ರಮೇಶ್ 2006ರಲ್ಲಿ ‘ಸೈನೈಡ್’ ಎಂಬ ಕನ್ನಡ ಚಿತ್ರ ಮಾಡಿದರು. ಒಳ್ಳೆಯ ಚಿತ್ರವೇ. ಅಲ್ಲಿಯೂ ನಾವು ಉಸಿರು ಬಿಗಿಹಿಡಿದು ಕಾಯುವುದು ಮನೆಯೊಳಗಿನವರ ಗತಿಗಾಗಿ.

ಶ್ರೀಪೆರಂಬುದೂರಿನಲ್ಲಿ ರಾಜೀವರೊಡನೆ ಹತ್ತಕ್ಕೂ ಮಿಕ್ಕಿ ಜನ ಸತ್ತರು: ಕಾವಲಿಗಿದ್ದ ಪೊಲೀಸರು, ಪಕ್ಷದ ಕಾರ್ಯಕರ್ತರು, ಕವಿತೆ ಓದಿ ಒಪ್ಪಿಸಲು ತಾಯಿಯ ಜೊತೆ ಬಂದಿದ್ದ ಪುಟ್ಟ ಹುಡುಗಿ. ಶಿವರಾಸನ್‌ನ ಒಂಟಿಗಣ್ಣು ಇಂದಿಗೂ ಮಿತ್ರರಿಗೆ ಚೆನ್ನಾಗಿ ನೆನಪಿದೆ. ಹುಡುಗಿಯ ಸುದ್ದಿ ಎತ್ತಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಡುಗಿಯೂ ಇದ್ದಳೇ?” ಎಂದರು.