ತಾಪತ್ರಯದ ಬೆಲೆ

ಏರ್ ಫ್ರೈಯರ್ ತಗೋಬೇಕಾ? ಇದು ಎಣ್ಣೆಯ ಪ್ರಶ್ನೆ ಅಂದ್ಕೊಳ್ತೀವಿ. ನನಗೆ ಇದು ಆಸೆಯ ಪ್ರಶ್ನೆ ಅನಿಸುತ್ತೆ.

2010ರಲ್ಲಿ ಫಿಲಿಪ್ಸ್ ಮಾರುಕಟ್ಟೆಗೆ ತಂದ ಈ ಯಂತ್ರ ನಿಜಕ್ಕೂ ಕರಿಯೋದಿಲ್ಲ. ಫ್ಯಾನ್ ಹಾಕಿ ಬಿಸಿಗಾಳಿ ಸುತ್ತಿಸಿ ಬೇಯಿಸುತ್ತೆ, ಅಂದ್ರೆ ಪುಟ್ಟ ಓವನ್. ಆಲೂಗಡ್ಡೆ ಇದರಲ್ಲಿ ಚೆನ್ನಾಗೇ ಗರಿಗರಿಯಾಗುತ್ತೆ. ಆದ್ರೆ ಮದ್ದೂರು ವಡೆ ಕಥೆ ಬೇರೆ. ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ ಸೇರಿಸಿ ತಟ್ಟಿದ ಆ ವಡೆಗೆ ರುಚಿ ಬರೋದೇ ಕಾದ ಎಣ್ಣೆಯಿಂದ.

ಮಂಡ್ಯ, ಮಳವಳ್ಳಿ ಕಡೆ ಹಳ್ಳಿಮನೆಗಳಲ್ಲಿ ಕರಿಯೋ ಬಾಂಡ್ಲಿ ಒಲೆ ಏರ್ತಿದ್ದದ್ದು ಹಬ್ಬಕ್ಕೆ, ಇಲ್ಲಾ ನೆಂಟರು ಬಂದಾಗ. ಎಣ್ಣೆ ದುಬಾರಿ, ಕೆಲಸ ಜಾಸ್ತಿ. ಆ ತಾಪತ್ರಯವೇ ಆಸೆಗೆ ಬೇಲಿಯಾಗಿತ್ತು. ಕರಿದ ದಿನ ಪಕ್ಕದ ಮನೆಗೂ ಒಂದು ತಟ್ಟೆ ಹೋಗ್ತಿತ್ತು. ಹಾಗಂತ ಹಳೇದನ್ನೆಲ್ಲ ಹೊಗಳೋಕಾಗಲ್ಲ. ನಮ್ಮ ಆಸೆಯ ಬೇಲಿ ಕಾಯ್ತಿದ್ದೋರು ಒಲೆ ಮುಂದೆ ಹೊಗೆ ಕುಡಿದ ಅಮ್ಮಂದಿರು.

ಹಾಗಾಗಿ ಕೊಳ್ಳೋ ಮುಂಚೆ ಕೇಳ್ಕೋಬೇಕಾದ್ದು ಇಷ್ಟೇ: ಇದರಿಂದ ಅಡುಗೆ ಮಾಡೋರ ಕೆಲಸ ಕಮ್ಮಿಯಾಗುತ್ತಾ, ತಿನ್ನೋರ ಚಪಲ ಜಾಸ್ತಿಯಾಗುತ್ತಾ? ಮೊದಲನೇದಾದ್ರೆ ಧಾರಾಳವಾಗಿ ತಗೊಳ್ಳಿ. ಎರಡನೇದಾದ್ರೆ, ಊರಿಗೆ ಹೋಗುವಾಗ ಮದ್ದೂರಲ್ಲಿ ಗಾಡಿ ನಿಲ್ಲಿಸಿ ಒಂದು ವಡೆ ತಿನ್ನೋದೇ ಅಗ್ಗ.