ಕಾಣದ್ದು ಮತ್ತು ಇಲ್ಲದ್ದು

ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಹೊರಟವರು ಎರಡು ಸಂಗತಿ ತಿಳಿಯಬೇಕಾಗುತ್ತದೆ. ಅದು ಇಷ್ಟು ದಿನ ಹೇಗೆ ಬಳಕೆಯಾಯಿತು ಎಂಬುದು ಒಂದು, ಅದರಲ್ಲಿ ದೋಷವಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಕಳೆದುಹೋದ ಕಾಲದ ಮಾತು. ಎರಡನೆಯದು ಒಂದು ‘ಇಲ್ಲ’ದ ಮಾತು. ಎರಡೂ ಕಣ್ಣಿಗೆ ನೇರವಾಗಿ ಸಿಗುವುದಿಲ್ಲ. ಭಾರತೀಯ ದರ್ಶನಗಳಲ್ಲಿ ಅರಿವಿನ ಸಾಧನಗಳನ್ನು, ಅಂದರೆ ಪ್ರಮಾಣಗಳನ್ನು, ಚರ್ಚಿಸುವ ಪ್ರಮಾಣಶಾಸ್ತ್ರ ಶತಮಾನಗಟ್ಟಲೆ ಗುದ್ದಾಡಿದ್ದು ಇಂಥ ಅರಿವುಗಳ ಜೊತೆಗೇ. ಅಲ್ಲಿ ಉದಾಹರಣೆಗೆ ಬರುವುದು ಮಡಕೆ, ಹೊಗೆ, ನದಿ. ತೊಡಕು ಮಾತ್ರ ಇದೇ.

ನೆಲದ ಮೇಲೆ ಮಡಕೆಯಿಲ್ಲ ಎಂದು ತಿಳಿಯುವುದು ಹೇಗೆ? ಏಳನೇ ಶತಮಾನದ ಸುಮಾರಿಗೆ ಇದ್ದ ಕುಮಾರಿಲ ಭಟ್ಟನನ್ನು ಅನುಸರಿಸುವ ಮೀಮಾಂಸಕರು ಇದಕ್ಕೆಂದೇ ‘ಅನುಪಲಬ್ಧಿ’ ಎಂಬ ಆರನೆಯ ಪ್ರಮಾಣವನ್ನು ಒಪ್ಪಿದರು. ನ್ಯಾಯದರ್ಶನದವರಾದ ನೈಯಾಯಿಕರು ಬೇರೆ ಪ್ರಮಾಣ ಬೇಡ, ಇಂದ್ರಿಯವೇ ಅಭಾವವನ್ನು ಗ್ರಹಿಸುತ್ತದೆ ಎಂದರು. ಪ್ರತ್ಯಕ್ಷ, ಅನುಮಾನ, ಆಗಮ ಈ ಮೂರನ್ನೇ ಒಪ್ಪುವ ಮಧ್ವಮತದಲ್ಲೂ ಅನುಪಲಬ್ಧಿಗೆ ಪ್ರತ್ಯೇಕ ಪೀಠವಿಲ್ಲ. ಆದರೆ ಜಗಳದ ನಡುವೆ ಕುಮಾರಿಲನ ಅನುಯಾಯಿಗಳಾದ ಭಾಟ್ಟರೂ ನೈಯಾಯಿಕರೂ ಒಟ್ಟಿಗೆ ಹಿಡಿದ ಒಂದು ಷರತ್ತಿದೆ, ಅದು ‘ಯೋಗ್ಯತೆ’. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ‘ಇಲ್ಲ’ ಎನ್ನಬಹುದು. ಬೆಳಕಿರುವ ಕೋಣೆಯಲ್ಲಿ ಮಡಕೆ ಕಾಣದಿದ್ದರೆ ಮಡಕೆಯಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ತೀರ್ಮಾನವಾಗುವುದಿಲ್ಲ. ಎದುರಿಗೆ ಪಿಶಾಚಿ ಕಾಣುತ್ತಿಲ್ಲವೆಂದು ಪಿಶಾಚಿ ಇಲ್ಲ ಎನ್ನಲಾಗದು, ಅದು ಮೊದಲೇ ಕಾಣುವ ಜಾತಿಯದಲ್ಲ.

ಬಳಸಿದ ಕ್ಯಾಮೆರಾದ ವ್ಯಾಪಾರದಲ್ಲಿ ಆಗುವ ಹೆಚ್ಚಿನ ಮೋಸ, ಅದಕ್ಕಿಂತ ಹೆಚ್ಚಾಗಿ ಆತ್ಮವಂಚನೆ, ಈ ಷರತ್ತನ್ನು ಮರೆತದ್ದರ ಫಲ. ಲೆನ್ಸನ್ನು ಅಂಗಡಿಯ ಬೆಳಕಿನಲ್ಲಿ ಎತ್ತಿ ಹಿಡಿದು ‘ಫಂಗಸ್ ಇಲ್ಲ’ ಎನ್ನುವುದು ಕತ್ತಲ ಕೋಣೆಯ ಮಡಕೆಯ ಮಾತು. ಕರಾವಳಿ, ಮಲೆನಾಡಿನ ಮಳೆಗಾಲವನ್ನು ಬೀರುವಿನಲ್ಲಿ ಕಳೆದ ಲೆನ್ಸಿನ ಒಳಗಾಜಿನ ಮೇಲೆ ಜೇಡರಬಲೆಯಂತೆ ಹಬ್ಬುವ ಬೂಷ್ಟು ಮುಂದಿನಿಂದ ಬೀಳುವ ಬೆಳಕಿಗೆ ಸುಲಭವಾಗಿ ಕಾಣುವುದಿಲ್ಲ. ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಹಾಯಿಸಿದಾಗ ಎಳೆಗಳು ಮಿನುಗುತ್ತವೆ. ಆಗಲೂ ಕಾಣದಿದ್ದರೆ ‘ಇಲ್ಲ’ ಎಂಬ ಮಾತಿಗೆ ಬಲ ಬರುತ್ತದೆ.

ಸೆನ್ಸರಿನ ಧೂಳೂ ಹಾಗೆಯೇ. ಧೂಳು ಕೂರುವುದು ಸೆನ್ಸರಿನ ಮುಂದಿರುವ ತೆಳುಗಾಜಿನ ಮೇಲೆ, ಚಿತ್ರದಲ್ಲಿ ಮೂಡುವುದು ಅದರ ನೆರಳು. ಎಫ್/2.8ರಲ್ಲಿ ಬೆಳಕು ಅಗಲವಾದ ಕೋನದಿಂದ ಬೀಳುವುದರಿಂದ ಆ ನೆರಳು ಕರಗಿಹೋಗುತ್ತದೆ. ಎಫ್/16 ಅಥವಾ ಎಫ್/22ರಲ್ಲಿ ಬಿಳಿ ಗೋಡೆಯನ್ನೋ ತಿಳಿ ಆಕಾಶವನ್ನೋ ತೆಗೆದು ದೊಡ್ಡದು ಮಾಡಿ ನೋಡಿದರೆ ಕಪ್ಪು ಚುಕ್ಕೆಯಾಗಿ ನಿಲ್ಲುತ್ತದೆ. ಕತ್ತಲಲ್ಲೂ ಚುಕ್ಕೆಯಾಗಿ ಹೊಳೆಯುವ ಹಾಟ್ ಪಿಕ್ಸೆಲ್ ಹುಡುಕಲು ಲೆನ್ಸಿಗೆ ಮುಚ್ಚಳ ಹಾಕಿ ದೀರ್ಘ ಎಕ್ಸ್‌ಪೋಷರ್ ಕೊಡುತ್ತಾರೆ. ಇಲ್ಲೊಂದು ಸ್ವಾರಸ್ಯವಿದೆ. ಕ್ಯಾಮೆರಾದ ದೀರ್ಘ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಚಾಲೂ ಇದ್ದರೆ ಯಂತ್ರವೇ ಇನ್ನೊಂದು ಕತ್ತಲ ಚಿತ್ರ ತೆಗೆದು ಆ ಚುಕ್ಕೆಗಳನ್ನು ಕಳೆದುಬಿಡುತ್ತದೆ. ಪರೀಕ್ಷೆ ನಡೆದಂತೆ ತೋರುತ್ತದೆ, ಯೋಗ್ಯತೆ ಮಾತ್ರ ಸದ್ದಿಲ್ಲದೆ ಕೈತಪ್ಪಿರುತ್ತದೆ.

ಕಳೆದ ಕಾಲದ ಪ್ರಶ್ನೆ ಅನುಮಾನಕ್ಕೆ ಸೇರಿದ್ದು. ಅದರ ಜನಪ್ರಿಯ ಲಿಂಗ, ಅಂದರೆ ಗುರುತು, ಶಟರ್ ಎಷ್ಟು ಸಲ ನಡೆದಿದೆ ಎಂದು ಹೇಳುವ ಶಟರ್ ಕೌಂಟ್. ನಿಕಾನ್‌ನ ಅನೇಕ ಮಾದರಿಗಳು ಚಿತ್ರದ ಫೈಲಿನೊಳಗೇ ಈ ಲೆಕ್ಕ ಬರೆದಿಡುತ್ತವೆ. ಕ್ಯಾನನ್ 5ಡಿ ಮಾರ್ಕ್ 4ರ ಶಟರನ್ನು ತಯಾರಕರು 1.5 ಲಕ್ಷ ಸಲಕ್ಕೆ, ನಿಕಾನ್ ಡಿ850ರದ್ದನ್ನು 2 ಲಕ್ಷ ಸಲಕ್ಕೆ ಪರೀಕ್ಷಿಸಿರುವುದಾಗಿ ಹೇಳುತ್ತಾರೆ. ಇದು ಆಯುಷ್ಯದ ಕೊನೆಯ ಗೆರೆಯಲ್ಲ, ಮುಂಚೆಯೇ ಕೈಕೊಡುವುದೂ ಉಂಟು, ದಾಟಿ ನಡೆಯುವುದೂ ಉಂಟು. ಸಂಖ್ಯೆ ಕಡಿಮೆಯಿದ್ದರೆ ಬಳಕೆಯೂ ಕಡಿಮೆ ಎಂಬ ವಾದದಲ್ಲಿ ತಾರ್ಕಿಕರು ‘ಉಪಾಧಿ’ ಎನ್ನುವ ಬಚ್ಚಿಟ್ಟ ಷರತ್ತಿದೆ. ಅವರ ಉದಾಹರಣೆ ಹೀಗಿದೆ: ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎನ್ನಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ, ಏಕೆಂದರೆ ಹೊಗೆಗೆ ಹಸಿ ಸೌದೆಯ ಸಂಬಂಧ ಬೇಕು. ಹಾಗೆಯೇ ಬಳಕೆಯೆಲ್ಲ ಕೌಂಟ್ ಆಗಿ ಬರಬೇಕಾದರೆ ಅದು ಮೆಕ್ಯಾನಿಕಲ್ ಶಟರಿನ ಬಳಕೆಯಾಗಿರಬೇಕು. ಗಂಟೆಗಟ್ಟಲೆ ವಿಡಿಯೊ ತೆಗೆದು ಸೆನ್ಸರ್ ಕಾದ ಕ್ಯಾಮೆರಾದಲ್ಲಿ ಸಂಖ್ಯೆ ಅಷ್ಟಾಗಿ ಏರಿರುವುದಿಲ್ಲ. ಕಾದ ಗುಂಡು, ಹೊಗೆ ಕಾಣದು.

ಹಾಗಾದರೆ ಅನುಮಾನವನ್ನೇ ಬಿಡಬೇಕೆ? ಈ ಆಕ್ಷೇಪ ನ್ಯಾಯಸೂತ್ರಗಳಲ್ಲೇ ಇದೆ. ತುಂಬಿದ ನದಿ ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ಊಹಿಸುತ್ತೇವೆ. ಆದರೆ ಕೆಳಗೆ ಕಟ್ಟೆ ಕಟ್ಟಿದರೂ ನದಿ ತುಂಬುತ್ತದಲ್ಲ ಎಂದು ಎದುರಾಳಿ ಕೇಳುತ್ತಾನೆ. ತಪ್ಪು ಅನುಮಾನದ್ದಲ್ಲ, ಸರಿಯಾಗಿ ನೋಡದವನದು ಎಂಬುದು ಉತ್ತರ. ಆ ಸೂತ್ರಗಳಿಗೆ ವಾತ್ಸ್ಯಾಯನ ಬರೆದ ಭಾಷ್ಯ ಅದನ್ನು ಬಿಡಿಸಿ ತೋರಿಸುತ್ತದೆ. ಮಳೆಯ ನೀರು ಬರೀ ತುಂಬುವುದಿಲ್ಲ, ರಭಸವಾಗಿ ಹರಿಯುತ್ತದೆ, ನೊರೆ, ಹಣ್ಣು, ಎಲೆ, ಕಟ್ಟಿಗೆ ತೇಲಿಸಿಕೊಂಡು ಬರುತ್ತದೆ. ಅನುಮಾನ ನಿಲ್ಲುವುದು ಇವೆಲ್ಲ ಕೂಡಿದ ಗುರುತಿನ ಮೇಲೆ.

ಮದುವೆಮನೆಗಳಲ್ಲಿ ವರ್ಷಗಟ್ಟಲೆ ದುಡಿದ ಕ್ಯಾಮೆರಾದಲ್ಲಿ ಫ್ಲ್ಯಾಶ್ ಕೂರಿಸುವ ಹಾಟ್ ಶೂನ ಬಣ್ಣ ಕಿತ್ತಿರುತ್ತದೆ, ಬಲಗೈ ಹಿಡಿಯ ರಬ್ಬರ್ ನುಣುಪಾಗಿ ಬಿಳಿಚಿಕೊಂಡಿರುತ್ತದೆ, ಬೆಲ್ಟಿನ ಕೊಂಡಿ ಸವೆದಿರುತ್ತದೆ, ಲೆನ್ಸ್ ಮೌಂಟಿನ ಉಂಗುರದಲ್ಲಿ ಉಜ್ಜಿದ ಗೆರೆಗಳಿರುತ್ತವೆ. ಇವು ಒಂದಕ್ಕೊಂದು ಸಾಕ್ಷಿ ಹೇಳಿದರೆ ಕೌಂಟನ್ನೂ ನಂಬಬಹುದು. ರಬ್ಬರ್ ಮಾತ್ರ ಹೊಚ್ಚಹೊಸದು, ಹಾಟ್ ಶೂ ಸವೆದದ್ದು, ತಳದ ಸ್ಕ್ರೂ ತಲೆಗಳು ಕೆದರಿವೆ ಎಂದರೆ ಯಾರೋ ಬಿಚ್ಚಿದ್ದಾರೆ. ಅದು ಕಟ್ಟೆ ಕಟ್ಟಿದ ನದಿ. ತಳದಲ್ಲಷ್ಟೇ ಗೀರುಗಳಿದ್ದರೆ ಅವು ಟ್ರೈಪಾಡಿನವೂ ಇರಬಹುದು, ಅಷ್ಟರಿಂದ ಏನೂ ಸಾಬೀತಾಗದು.

ಮಾರುವವರ ಮಾತು ಶಬ್ದಪ್ರಮಾಣ. ಆಪ್ತನ ಮಾತಷ್ಟೇ ಪ್ರಮಾಣ, ಆಪ್ತನೆಂದರೆ ವಿಷಯವನ್ನು ತಾನು ಖುದ್ದಾಗಿ ಅರಿತು, ಅರಿತಂತೆಯೇ ಹೇಳಬಯಸುವವನು. ಈ ಲಕ್ಷಣ ಋಷಿ, ಆರ್ಯ, ಮ್ಲೇಚ್ಛ ಎಲ್ಲರಿಗೂ ಒಂದೇ ಎಂದು ವಾತ್ಸ್ಯಾಯನ ಸ್ಪಷ್ಟವಾಗಿ ಹೇಳಿದ್ದಾನೆ. ಕೊಳ್ಳುವವರು ಸಾಮಾನ್ಯವಾಗಿ ಎರಡನೆಯ ಗುಣವನ್ನೇ, ಪ್ರಾಮಾಣಿಕತೆಯನ್ನೇ, ಅಳೆಯುತ್ತಾರೆ. ಮೊದಲನೆಯದರ ಕೊರತೆಯೇ ಹೆಚ್ಚು. ಮೂರನೆಯ ಕೈಯಿಂದ ಬಂದ ಕ್ಯಾಮೆರಾ ಮಳೆಯಲ್ಲಿ ನೆಂದಿತ್ತೇ ಎಂಬುದು ಮಾರುವ ಸಜ್ಜನನಿಗೂ ತಿಳಿದಿರುವುದಿಲ್ಲ.

ಕೊನೆಗೂ ಯೋಗ್ಯತೆಗೆ ಸಿಗದ ದೋಷಗಳು ಉಳಿಯುತ್ತವೆ. ಸರ್ಕ್ಯೂಟ್ ಬೋರ್ಡಿನಲ್ಲಿ ಮೆಲ್ಲಗೆ ಬೆಳೆಯುವ ಉಪ್ಪುಗಾಳಿಯ ತುಕ್ಕು, ಬಿಸಿಯಾದಾಗಷ್ಟೇ ಬಿಡುವ ಬೆಸುಗೆ ಅಂಥವು. ಕೊಳ್ಳುವ ಗಳಿಗೆಯಲ್ಲಿ ಇವುಗಳ ಬಗ್ಗೆ ‘ಇದೆ’ ಎನ್ನಲೂ ಆಗದು, ‘ಇಲ್ಲ’ ಎನ್ನಲೂ ಆಗದು, ಅದು ಸಂಶಯ. ಸುಳ್ಳಾಗಿಸುವ ಬಾಧಕ ಕಾಣುವವರೆಗೆ ಜ್ಞಾನವನ್ನು ನಂಬಬಹುದು ಎಂಬ ಮೀಮಾಂಸಕರ ನಿಲುವು ಇಲ್ಲಿ ಸಾಲದು, ಏಕೆಂದರೆ ನಂಬಲು ಇನ್ನೂ ಜ್ಞಾನವೇ ಹುಟ್ಟಿಲ್ಲ. ಅರಿವಿನಂತೆ ನಡೆದು ಫಲ ಸಿಕ್ಕಾಗಲೇ ಅರಿವು ಗಟ್ಟಿ ಎನ್ನುವ ನೈಯಾಯಿಕರ ದಾರಿ ವ್ಯವಹಾರಕ್ಕೆ ಒದಗುತ್ತದೆ. ಬಳಸಿದ ಸರಕಿನ ಅಂಗಡಿಗಳು ಕೆಲವು ದಿನಗಳ ವಾಪಸಾತಿ ಅವಕಾಶ ಕೊಡುವುದಾದರೆ, ಆ ದಿನಗಳಲ್ಲಿ ಕ್ಯಾಮೆರಾವನ್ನು ಬಿಸಿಲಲ್ಲಿ, ಸತತ ವಿಡಿಯೊದಲ್ಲಿ, ಬ್ಯಾಟರಿ ಬರಿದಾಗುವವರೆಗೆ ದುಡಿಸಿ ನೋಡಬೇಕು. ಆ ಅವಕಾಶವಿಲ್ಲದಿದ್ದರೆ ಉಳಿದ ಸಂಶಯದ ಬೆಲೆಯನ್ನು ಚೌಕಾಸಿಯಲ್ಲೇ ಕಳೆಯಬೇಕಾಗುತ್ತದೆ.